ಬ್ಯಾಟ್ ಬೀಸದೆ ಬೇಸ್ ಸೇರುವವರು

1954ರಲ್ಲಿ ಬೇಸ್‌ಬಾಲ್ ಆಟದ ಅಮೆರಿಕನ್ ಲೀಗಿನ ಬ್ಯಾಟಿಂಗ್ ಕಿರೀಟ ಕ್ಲೀವ್‌ಲ್ಯಾಂಡ್ ತಂಡದ ಬಾಬಿ ಅವಿಲಾ ಪಾಲಾಯಿತು. ಅವರ ಆವರೇಜ್, ಅಂದರೆ ಹಿಟ್‌ಗಳನ್ನು (ಹೊಡೆದು ಬೇಸ್ ಸೇರಿದ್ದು) ಅಟ್‌ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) ಭಾಗಿಸಿದ ಅಂಕಿ, 0.341. ಅದೇ ವರ್ಷ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಆವರೇಜ್ 0.345 ಇತ್ತು. ಜಾಸ್ತಿ ಇದ್ದವರಿಗೆ ಕಿರೀಟ ಯಾಕೆ ಬರಲಿಲ್ಲ? ಯಾಕಂದ್ರೆ ಆಗಿನ ನಿಯಮದ ಪ್ರಕಾರ ಕಿರೀಟಕ್ಕೆ ಕನಿಷ್ಠ 400 ಅಟ್‌ಬ್ಯಾಟ್ ಇರಬೇಕಿತ್ತು. ವಿಲಿಯಮ್ಸ್ ಹೆಸರಲ್ಲಿ ಇದ್ದದ್ದು 386.

ಸೀಸನ್‌ಗೆ ಮುಂಚೆ ಅಭ್ಯಾಸದಲ್ಲಿ ಕಾಲರ್‌ಬೋನ್ ಮುರಿದುಕೊಂಡು ಅವರು ಮೊದಲ ಕೆಲವು ವಾರ ಆಡಿರಲಿಲ್ಲ, ನಿಜ. ಆದರೂ ಆ ವರ್ಷ ಅವರು 526 ಸಲ ಬ್ಯಾಟ್ ಹಿಡಿದು ನಿಂತಿದ್ದರು. ಅದರಲ್ಲಿ 136 ಸಲ ಪಿಚರ್ ಎಸೆದದ್ದು ಬರೀ ಆಚೀಚೆ ಹೋಗುವ ಚೆಂಡು. ವಿಲಿಯಮ್ಸ್ ಅದರ ಬೆನ್ನು ಹತ್ತಲಿಲ್ಲ. ಸುಮ್ನೆ ನಿಂತರು, ಫಸ್ಟ್ ಬೇಸಿಗೆ ನಡೆದರು. ಆ 136 ಸಲ ಅವರು ತಂಡಕ್ಕೆ ಒಬ್ಬ ರನ್ನರನ್ನು ಕೊಟ್ಟಿದ್ದರು, ಒಂದು ಔಟನ್ನೂ ಕೊಟ್ಟಿರಲಿಲ್ಲ. ಅದು ಅಟ್‌ಬ್ಯಾಟ್ ಲೆಕ್ಕದಲ್ಲಿ ಸೇರಲೇ ಇಲ್ಲ. ಅಂದರೆ ಒಳ್ಳೆಯ ಕೆಲಸ ಮಾಡಿದ್ದಕ್ಕೇ ಅವರು ಕಿರೀಟ ಕಳೆದುಕೊಂಡರು.

ಈ ಅನ್ಯಾಯ ಎಲ್ಲರ ಕಣ್ಣಿಗೂ ಬಿತ್ತು. 1957ರಿಂದ ನಿಯಮ ಬದಲಾಯಿತು. ಬ್ಯಾಟ್ ಹಿಡಿದು ನಿಂತ ಒಟ್ಟು ಸರದಿ ಎಷ್ಟು ಅಂತ ಎಣಿಸಲು ಶುರು ಮಾಡಿದರು. ಆದರೆ ನಿಯಮ ಬದಲಾದಷ್ಟು ಬೇಗ ಮನಸ್ಸು ಬದಲಾಗಲಿಲ್ಲ. ಬೇಸ್ ಸೇರುವುದರಲ್ಲಿ ನಿಪುಣರಾದವರನ್ನು ಬೇಸ್‌ಬಾಲ್ ಜಗತ್ತು ಸರಿಯಾಗಿ ಗುರುತಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಅರ್ಥವಾಗಬೇಕಾದರೆ ಆಟದ ಒಂದೆರಡು ವಿಷಯ ಮೊದಲು ಗೊತ್ತಿರಬೇಕು. ಬ್ಯಾಟರ್ ನಿಲ್ಲುವ ಜಾಗದಲ್ಲಿರುವ ಫಲಕ ಹೋಂ ಪ್ಲೇಟ್. ಅಲ್ಲಿಂದ ಹೊರಟು ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ದಾಟಿ ಮತ್ತೆ ಅಲ್ಲಿಗೇ ಬಂದು ಸೇರಿದರೆ ಒಂದು ರನ್. ಪಿಚರ್ ಎಸೆದ ಚೆಂಡು ಹೋಂ ಪ್ಲೇಟ್ ಮೇಲೆ, ಬ್ಯಾಟರ್‌ನ ಎದೆ ಮತ್ತು ಮೊಣಕಾಲಿನ ನಡುವೆ ಹಾದು ಹೋಗಬೇಕು. ಈ ಜಾಗಕ್ಕೆ ಸ್ಟ್ರೈಕ್ ಝೋನ್ ಅಂತಾರೆ. ಅಗಲ 17 ಇಂಚು, ಎತ್ತರ ಆಟಗಾರನ ಮೈಕಟ್ಟಿನ ಮೇಲೆ. ಒಳಗೆ ಬಂದ ಚೆಂಡನ್ನು ಬಿಟ್ಟರೆ ಸ್ಟ್ರೈಕ್. ಎಲ್ಲೇ ಬಂದರೂ ಬೀಸಿ ತಪ್ಪಿದರೆ ಅದೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಹೊರಗೆ ಹೋದ ಚೆಂಡನ್ನು ಬೀಸದೆ ಬಿಟ್ಟರೆ ಅದಕ್ಕೆ 'ಬಾಲ್' ಅನ್ನುತ್ತಾರೆ. ನಾಲ್ಕು ಬಾಲ್ ಆದರೆ ಬ್ಯಾಟರ್ ಆರಾಮಾಗಿ ಫಸ್ಟ್ ಬೇಸಿಗೆ ಹೋಗಬಹುದು. ಅದೇ ವಾಕ್. ಆಫ್ ಸ್ಟಂಪ್ ಹೊರಗಿನ ಚೆಂಡನ್ನು ರಾಹುಲ್ ದ್ರಾವಿಡ್ ಬಿಡುತ್ತಿದ್ದರಲ್ವಾ, ಹಾಗೆ ನಾಲ್ಕು ಬಿಟ್ಟರೆ ಇಲ್ಲಿ ಬಹುಮಾನವೇ ಸಿಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಒಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್. ಒಟ್ಟು 27. ಇಲ್ಲಿ ಓವರ್‌ಗಳ ಮಿತಿ ಇಲ್ಲ, ಇಷ್ಟೇ ಚೆಂಡು ಅನ್ನುವ ಕಟ್ಟುಪಾಡೂ ಇಲ್ಲ. 27 ಔಟ್ ಮುಗಿಯುವ ತನಕ ಎಷ್ಟು ರನ್ ಬೇಕಾದರೂ ಮಾಡಬಹುದು. ಹಾಗಾಗಿ ತಂಡದ ಕೈಯಲ್ಲಿರುವ ಆಸ್ತಿ ಅಂದರೆ ಆ 27 ಔಟ್‌ಗಳೇ. ಪ್ರತಿ ಬ್ಯಾಟರ್ ಬಂದಾಗಲೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇವನು ಔಟ್ ಆದನಾ, ಇಲ್ಲವಾ?

ಬ್ಯಾಟಿಂಗ್ ಆವರೇಜ್ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಅದು ಹಿಟ್‌ಗಳನ್ನು ಮಾತ್ರ ನೋಡುತ್ತದೆ. ವಾಕ್ ಬಂದರೆ ಆ ಸರದಿ ನಡೆದೇ ಇಲ್ಲ ಅನ್ನುವ ಹಾಗೆ ಪಕ್ಕಕ್ಕಿಡುತ್ತದೆ. ಆನ್‌ಬೇಸ್ ಪರ್ಸೆಂಟೇಜ್ ಹಾಗಲ್ಲ. ಅದನ್ನು ಚುಟುಕಾಗಿ ಓಬಿಪಿ ಅಂತ ಕರೆಯುತ್ತಾರೆ. ಹಿಟ್, ವಾಕ್, ಮೈಗೆ ಚೆಂಡು ಬಡಿದು ಸಿಕ್ಕ ಬೇಸ್, ಈ ಮೂರನ್ನೂ ಕೂಡಿಸುವುದು. ಅಟ್‌ಬ್ಯಾಟ್, ವಾಕ್, ಮೈಗೆ ಬಡಿದದ್ದು, ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾದರೂ ರನ್ನರ್‌ಗೆ ರನ್ ತಂದುಕೊಡುವ ಹೊಡೆತ) ಇವುಗಳ ಮೊತ್ತದಿಂದ ಅದನ್ನು ಭಾಗಿಸುವುದು. ಅಷ್ಟೇ. ಎದುರಾಳಿ ಫೀಲ್ಡರ್ ಎಡವಟ್ಟು ಮಾಡಿದ್ದರಿಂದ ಬೇಸ್ ಸೇರಿದರೆ ಅದು ಬ್ಯಾಟರ್‌ನ ಖಾತೆಗೆ ಬರುವುದಿಲ್ಲ. 2024ರಲ್ಲಿ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್ ಎರಡೂ ಸೇರಿದ ಇಡೀ ಮೇಜರ್ ಲೀಗಿನ ಓಬಿಪಿ 0.312 ಇತ್ತು. ಸರಾಸರಿ ಆಟಗಾರ ಹತ್ತು ಸಲ ಬಂದರೆ ಮೂರು ಸಲ ಚಿಲ್ಲರೆ ಬೇಸ್ ಸೇರುತ್ತಾನೆ ಅಂತ ಲೆಕ್ಕ. ನಾಲ್ಕು ಸಲ ಸೇರುವವನು, ಅಂದರೆ 0.400 ದಾಟುವವನು, ದೊಡ್ಡ ಆಟಗಾರ.

2004ರ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಅಂಕಿ ಏನು ಹೇಳುತ್ತದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಸಿಯಾಟಲ್‌ನ ಇಚಿರೊ ಸುಜುಕಿ ಆ ವರ್ಷ 262 ಹಿಟ್ ಹೊಡೆದರು. 1920ರಲ್ಲಿ ಜಾರ್ಜ್ ಸಿಸ್ಲರ್ ಹೊಡೆದಿದ್ದ 257ರ ದಾಖಲೆ 84 ವರ್ಷಗಳ ನಂತರ ಮುರಿಯಿತು. ಇಚಿರೊ ಆವರೇಜ್ 0.372. ಆದರೆ ಅವರಿಗೆ ಸಿಕ್ಕ ವಾಕ್ 49 ಮಾತ್ರ. ಇತ್ತ ಸ್ಯಾನ್ ಫ್ರಾನ್ಸಿಸ್ಕೊದ ಬ್ಯಾರಿ ಬಾಂಡ್ಸ್ ಹೊಡೆದದ್ದು 135 ಹಿಟ್, ಇಚಿರೊ ಹೊಡೆದದ್ದರ ಅರ್ಧದಷ್ಟು. ಆದರೆ ಅವರಿಗೆ 232 ವಾಕ್ ಸಿಕ್ಕಿತು. ಜೊತೆಗೆ ಒಂಬತ್ತು ಸಲ ಮೈಗೆ ಚೆಂಡು ಬಡಿಯಿತು. ಒಟ್ಟು 376 ಸಲ ಬೇಸ್ ಸೇರಿದರು, 617 ಸರದಿಗಳಲ್ಲಿ. ಭಾಗಿಸಿದರೆ 0.609. ಇಚಿರೊ 762 ಸರದಿಗಳಲ್ಲಿ 315 ಸಲ ಸೇರಿದರು, ಓಬಿಪಿ 0.414. ಬಾಂಡ್ಸ್ 145 ಸರದಿ ಕಮ್ಮಿ ಆಡಿಯೂ 61 ಸಲ ಜಾಸ್ತಿ ಬೇಸ್ ಮೇಲಿದ್ದರು. ಒಂದೇ ಸೀಸನ್‌ನ 0.609 ಇವತ್ತಿಗೂ ಮೇಜರ್ ಲೀಗಿನ ದಾಖಲೆ.

ಆ 232ರಲ್ಲಿ 120 ವಾಕ್ ಎದುರಾಳಿಗಳು ಬೇಕೆಂದೇ ಕೊಟ್ಟದ್ದು. 'ಇವನಿಗೆ ಎಸೆಯುವುದೇ ಬೇಡ, ಬೇಸಿಗೆ ಕಳಿಸಿ ಮುಂದಿನವನನ್ನು ನೋಡಿಕೊಳ್ಳೋಣ' ಅನ್ನುವ ಲೆಕ್ಕಾಚಾರ. ಬಾಂಡ್ಸ್ ಮೇಲಿನ ಹೆದರಿಕೆ ಎಷ್ಟಿತ್ತು ಅನ್ನುವುದಕ್ಕೆ 1998ರ ಮೇ 28ರ ಪಂದ್ಯ ಸಾಕು. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಮೂರೂ ಬೇಸ್ ಭರ್ತಿ, ಅರಿಝೋನಾ 8–6ರಿಂದ ಮುಂದಿದೆ. ಬಾಂಡ್ಸ್ ಬಂದರು. ಅರಿಝೋನಾ ಮ್ಯಾನೇಜರ್ ಬಕ್ ಶೋವಾಲ್ಟರ್ ಬೇಕೆಂದೇ ವಾಕ್ ಕೊಡಿಸಿದರು. ಬೇಸ್ ಭರ್ತಿ ಇದ್ದದ್ದರಿಂದ ಒಂದು ರನ್ ಧಾರೆ ಎರೆದು ಕೊಟ್ಟ ಹಾಗಾಯಿತು. 8–7. ಮುಂದಿನ ಬ್ಯಾಟರ್ ಬ್ರೆಂಟ್ ಮೇಯ್ನ್ ಹೊಡೆದ ಚೆಂಡು ರೈಟ್ ಫೀಲ್ಡರ್ ಕೈ ಸೇರಿತು, ಅರಿಝೋನಾ ಗೆದ್ದಿತು. ಬಾಂಡ್ಸ್ ವೃತ್ತಿಯ ಕೊನೆಯ ಭಾಗದ ಮೇಲೆ ಡೋಪಿಂಗ್ ಆರೋಪದ ನೆರಳಿದೆ. ಅದೇ ಕಾರಣಕ್ಕೆ ಬರಹಗಾರರ ಮತದಾನದಲ್ಲಿ ಅವರಿಗೆ ಹಾಲ್ ಆಫ್ ಫೇಮ್ ಬಾಗಿಲು ತೆರೆಯಲಿಲ್ಲ. ಆ ಅಂಕಿಗಳನ್ನು ನೋಡುವಾಗ ಇದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆದರೆ ಚೆಂಡು ಒಳಗೋ ಹೊರಗೋ ಅಂತ ಅಳೆಯುವ ಕಣ್ಣು ಅವರಿಗೆ ಮೊದಲಿನಿಂದಲೂ ಇತ್ತು.

ವಾಕ್‌ನಿಂದ ಸಾಮಾನ್ಯವಾಗಿ ರನ್ ಬರುವುದಿಲ್ಲವಲ್ಲ, ಅದಕ್ಕೆ ಯಾಕಿಷ್ಟು ಬೆಲೆ ಅಂತ ಕೇಳಬಹುದು. ಸಾವಿರಾರು ಪಂದ್ಯಗಳ ಲೆಕ್ಕ ಹಾಕಿ ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಇನ್ನಿಂಗ್ಸ್ ಶುರುವಾದಾಗ, ಯಾರೂ ಬೇಸ್ ಮೇಲಿಲ್ಲದಾಗ, ಒಂದು ತಂಡ ಸರಾಸರಿ ಸುಮಾರು ಅರ್ಧ ರನ್ ಮಾಡುತ್ತದೆ. ಮೊದಲ ಬ್ಯಾಟರ್ ವಾಕ್ ಪಡೆದರೆ ಆ ನಿರೀಕ್ಷೆ ಹತ್ತಿರ ಹತ್ತಿರ 0.9ಕ್ಕೆ ಏರುತ್ತದೆ. ಅವನೇ ಔಟಾದರೆ ಕಾಲು ರನ್ನಿನ ಆಸುಪಾಸಿಗೆ ಇಳಿಯುತ್ತದೆ. ಒಂದೇ ಸರದಿಯಲ್ಲಿ ಅರ್ಧ ರನ್ನಿಗೂ ಜಾಸ್ತಿ ವ್ಯತ್ಯಾಸ! ಹಿಂದಿನಿಂದ ಬರುವ ಆಟಗಾರ ಹೋಂ ರನ್ (ಬೇಲಿಯಾಚೆ ಹೋಗುವ ಹೊಡೆತ) ಹೊಡೆದರೆ ಒಂದರ ಬದಲು ಎರಡು ರನ್ ಬರುವುದು ಬೇಸ್ ಮೇಲೆ ಒಬ್ಬ ನಿಂತಿದ್ದರೆ ಮಾತ್ರ ತಾನೇ.

ಹಾಗಂತ ವಾಕ್ ಮತ್ತು ಹಿಟ್ ಒಂದೇ ಅಂತ ಹೇಳಲಾಗದು. ಥರ್ಡ್ ಬೇಸಿನಲ್ಲಿ ರನ್ನರ್ ಇದ್ದಾಗ ಹಿಟ್ ಬಂದರೆ ಅವನು ಮನೆ ಸೇರುತ್ತಾನೆ. ಫಸ್ಟ್ ಬೇಸ್ ಖಾಲಿ ಇದ್ದರೆ, ವಾಕ್ ಬಂದಾಗ ಅವನು ನಿಂತಲ್ಲೇ ನಿಲ್ಲುತ್ತಾನೆ. ಓಬಿಪಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಹೋಂ ರನ್ನನ್ನೂ ಅದರ ಜೊತೆಗೇ ಹಾಕುತ್ತದೆ. ಅದು ಈ ಅಳತೆಯ ಮಿತಿ. ಅದಕ್ಕೇ ಅಟ್‌ಬ್ಯಾಟ್‌ಗೆ ಸರಾಸರಿ ಎಷ್ಟು ಬೇಸ್ ಹೊಡೆದು ಗಳಿಸುತ್ತಾನೆ ಅನ್ನುವ ಸ್ಲಗಿಂಗ್ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡುವುದು ರೂಢಿ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಓಬಿಪಿಯನ್ನೇ ಆರಿಸಿಕೊಳ್ಳುತ್ತೇನೆ.

ಇಷ್ಟು ಸರಳ ವಿಷಯ ಅಷ್ಟು ಕಾಲ ಯಾಕೆ ಕಾಣಲಿಲ್ಲ ಅನ್ನುವುದರ ಹಿಂದೆ ಒಂದು ಸ್ವಾರಸ್ಯವಿದೆ, ಅದರಲ್ಲಿ ಕ್ರಿಕೆಟ್ಟಿನ ಪಾತ್ರವೂ ಇದೆ. ಬೇಸ್‌ಬಾಲ್ ಸ್ಕೋರ್ ಬರೆಯುವ ಪದ್ಧತಿಗೆ ಅಡಿಪಾಯ ಹಾಕಿದ ಪತ್ರಕರ್ತ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಕ್ರಿಕೆಟ್ ಬಲ್ಲವರು. ಅವರ ಕಣ್ಣಿಗೆ ವಾಕ್ ಅನ್ನುವುದು ಪಿಚರ್ ಮಾಡಿದ ತಪ್ಪು, ವೈಡ್ ಇದ್ದ ಹಾಗೆ. ಅದರಲ್ಲಿ ಬ್ಯಾಟರ್‌ನ ಹೆಚ್ಚುಗಾರಿಕೆ ಏನಿದೆ ಅನ್ನುವುದು ಅವರ ವಾದ. 1887ರಲ್ಲಿ ಒಂದು ವರ್ಷ ಮಾತ್ರ ವಾಕ್ ಅನ್ನೂ ಹಿಟ್ ಅಂತ ಎಣಿಸಿ ನೋಡಿದರು. ಆವರೇಜ್‌ಗಳು ಎಲ್ಲೆಲ್ಲೋ ಹಾರಿದವು, ಮರುವರ್ಷವೇ ಆ ನಿಯಮ ಕೈಬಿಟ್ಟರು. ನಾಲ್ಕು ಬಾಲ್‌ಗೆ ಒಂದು ವಾಕ್ ಅನ್ನುವುದು 1889ರಲ್ಲಿ ಗಟ್ಟಿಯಾಯಿತು. ಲೆಕ್ಕ ಮಾತ್ರ ಹಳೆಯ ದಾರಿಯಲ್ಲೇ ಉಳಿಯಿತು.

ಇದರ ಬಿಸಿ ತಟ್ಟಿದ್ದು ಆಟಗಾರರಿಗೆ. ಡೆಟ್ರಾಯಿಟ್‌ನ ರಾಯ್ ಕಲನ್‌ಬೈನ್ ನನ್ನನ್ನು ತುಂಬಾ ಕಾಡುವ ಹೆಸರು. 1947ರಲ್ಲಿ ಅವರ ಆವರೇಜ್ 0.224. ನೋಡಿದರೆ ಯಾರಾದರೂ ಮುಖ ತಿರುಗಿಸುವ ಅಂಕಿ. ಆದರೆ ಅದೇ ವರ್ಷ ಅವರು 137 ವಾಕ್ ಪಡೆದರು, ಸತತ 22 ಪಂದ್ಯಗಳಲ್ಲಿ ಕನಿಷ್ಠ ಒಂದು ವಾಕ್ ಪಡೆದು ದಾಖಲೆ ಮಾಡಿದರು, 24 ಹೋಂ ರನ್ ಹೊಡೆದರು. ಓಬಿಪಿ 0.401. ಇವತ್ತಾಗಿದ್ದರೆ ತಂಡಗಳು ಅವರ ಮನೆ ಮುಂದೆ ಸಾಲು ನಿಲ್ಲುತ್ತಿದ್ದವು. ಆಗ ಡೆಟ್ರಾಯಿಟ್ ಅವರನ್ನು ಬಿಟ್ಟುಬಿಟ್ಟಿತು. ಅದಾದ ಮೇಲೆ ಅವರು ಮೇಜರ್ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ವಾಷಿಂಗ್ಟನ್‌ನ ಎಡ್ಡಿ ಯೋಸ್ಟ್ ಸ್ವಲ್ಪ ಅದೃಷ್ಟವಂತರು. ಅವರನ್ನು 'ವಾಕಿಂಗ್ ಮ್ಯಾನ್' ಅಂತಲೇ ಕರೆಯುತ್ತಿದ್ದರು. 1956ರಲ್ಲಿ ಅವರ ಆವರೇಜ್ 0.231, ವಾಕ್ 151, ಓಬಿಪಿ 0.412.

ಇದನ್ನು ಕಂಡುಕೊಂಡವರು ಇರಲಿಲ್ಲ ಅಂತಲ್ಲ. ಕಲನ್‌ಬೈನ್ ಕೊನೆಯ ಸಲ ಆಡಿದ ಅದೇ 1947ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡ ನಡೆಸುತ್ತಿದ್ದ ಬ್ರಾಂಚ್ ರಿಕಿ ಅವರು ಆಲನ್ ರಾತ್ ಎಂಬ ಅಂಕಿ ಅಂಶದ ತಜ್ಞರನ್ನು ಕೆಲಸಕ್ಕೆ ಇಟ್ಟುಕೊಂಡರು. ಒಂದು ತಂಡ ಪೂರ್ಣಾವಧಿಗೆ ಹೀಗೆ ಒಬ್ಬರನ್ನು ಇಟ್ಟುಕೊಂಡದ್ದು ಅದೇ ಮೊದಲು. 1954ರಲ್ಲಿ ರಿಕಿ 'ಲೈಫ್' ಪತ್ರಿಕೆಯಲ್ಲಿ ಬೇಸ್ ಸೇರುವುದರ ಮಹತ್ವವನ್ನು ಲೆಕ್ಕದ ಸಮೇತ ಬರೆದರು. ವಿಲಿಯಮ್ಸ್ ಕಿರೀಟ ಕಳೆದುಕೊಂಡ ವರ್ಷವೇ ಅದು. ಮೇಜರ್ ಲೀಗ್ ಓಬಿಪಿಯನ್ನು ಅಧಿಕೃತ ಅಂಕಿಯಾಗಿ ಒಪ್ಪಿಕೊಂಡದ್ದು 1984ರಲ್ಲಿ.

ಒಪ್ಪಿಕೊಂಡರೂ ಬೆಲೆ ಕಟ್ಟಿರಲಿಲ್ಲ. ಆ ಸಂದಿಯನ್ನು ಬಳಸಿಕೊಂಡದ್ದು ಬಿಲ್ಲಿ ಬೀನ್ ನಡೆಸುತ್ತಿದ್ದ ಓಕ್ಲೆಂಡ್ ಅಥ್ಲೆಟಿಕ್ಸ್. 2001ರ ನಂತರ ಅವರ ದೊಡ್ಡ ಬ್ಯಾಟರ್ ಜೇಸನ್ ಜಿಯಾಂಬಿ ಯಾಂಕೀಸ್ ತಂಡಕ್ಕೆ ಹೋದರು. ಓಕ್ಲೆಂಡ್ ಆಟಗಾರರ ಒಟ್ಟು ಸಂಬಳ ಸುಮಾರು 4 ಕೋಟಿ ಡಾಲರ್, ಯಾಂಕೀಸ್‌ನದು ಅದರ ಮೂರು ಪಟ್ಟು. ಹಣದಲ್ಲಿ ಗೆಲ್ಲುವ ಮಾತೇ ಇರಲಿಲ್ಲ. ಹಾಗಾಗಿ ಬೇರೆಯವರು ಬೇಡ ಅಂದ, ಆದರೆ ಬೇಸ್ ಸೇರುವುದು ಗೊತ್ತಿದ್ದ ಆಟಗಾರರನ್ನು ಕಮ್ಮಿ ಬೆಲೆಗೆ ತಂದರು. ಅವರಲ್ಲಿ ಸ್ಕಾಟ್ ಹ್ಯಾಟಬರ್ಗ್ ಒಬ್ಬರು. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಆಗಿದ್ದವರು, ಮೊಣಕೈ ನರ ಪೆಟ್ಟಾಗಿ ಸರಿಯಾಗಿ ಎಸೆಯಲು ಆಗುತ್ತಿರಲಿಲ್ಲ. ಅವರನ್ನು ಫಸ್ಟ್ ಬೇಸಿನಲ್ಲಿ ನಿಲ್ಲಿಸಿದರು. 2002ರಲ್ಲಿ ಅವರ ಓಬಿಪಿ 0.374. ತಂಡ 103 ಪಂದ್ಯ ಗೆದ್ದಿತು, ಅದರಲ್ಲಿ ಸತತ 20. ಇಪ್ಪತ್ತನೆಯದರಲ್ಲಿ 11–0 ಇದ್ದದ್ದು 11–11 ಆಗಿ, ಕೊನೆಗೆ ಹ್ಯಾಟಬರ್ಗ್ ಹೋಂ ರನ್ ಹೊಡೆದು ಮುಗಿಸಿದರು. ಪ್ಲೇಆಫ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತರು, ಅದು ಬೇರೆ ಮಾತು. ಅವರಿಗೆ ಜೋರಾದ ಪಿಚರ್‌ಗಳೂ ಇದ್ದರು ಅನ್ನುವುದನ್ನು ಈ ಕಥೆ ಹೇಳುವವರು ಆಗಾಗ ಮರೆಯುತ್ತಾರೆ.

ಸರಿ, ಇವರು ಬೇಸ್ ಸೇರುವುದು ಹೇಗೆ? ಪಿಚರ್ ನಿಲ್ಲುವ ಜಾಗದಿಂದ ಹೋಂ ಪ್ಲೇಟಿಗೆ 18.44 ಮೀಟರ್. ಗಂಟೆಗೆ 153 ಕಿಲೋಮೀಟರ್ ವೇಗದ ಚೆಂಡು ಕೈಬಿಟ್ಟ ಮೇಲೆ ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟ್ ತಲುಪುತ್ತದೆ. ನಡುವೆ ನೆಲ ಮುಟ್ಟುವುದಿಲ್ಲ. ಬ್ಯಾಟ್ ಬೀಸುವುದಕ್ಕೇ ಸುಮಾರು 0.15 ಸೆಕೆಂಡ್ ಬೇಕು. ಹಾಗಾದರೆ ನೋಡಿ, ಗುರುತಿಸಿ, ಬೀಸಲೋ ಬೇಡವೋ ಅಂತ ತೀರ್ಮಾನ ಮಾಡಲು ಉಳಿಯುವುದು ಕಾಲು ಸೆಕೆಂಡ್. ಅದೂ ಚೆಂಡು ನೇರ ಬಂದರೆ. ಸ್ಲೈಡರ್ ಅನ್ನುವ ಎಸೆತ ಝೋನ್ ಒಳಗೆ ಬಂದ ಹಾಗೆ ಕಾಣಿಸಿ ಕೊನೆಯಲ್ಲಿ ಹೊರಗೆ ಜಾರುತ್ತದೆ. ಚೇಂಜ್‌ಅಪ್ ಅನ್ನುವುದು ವೇಗದ ಚೆಂಡಿನ ಹಾಗೇ ತೋಳು ಬೀಸಿ ಎಸೆದರೂ ನಿಧಾನವಾಗಿ ಬರುತ್ತದೆ. ವಾಕ್ ಪಡೆದವನನ್ನು 'ಸುಮ್ನೆ ನಿಂತಿದ್ದ' ಅನ್ನುವುದು ತಪ್ಪು. ಕಾಲು ಸೆಕೆಂಡಿನ ನಿರ್ಧಾರವನ್ನು ಅವನು ನಾಲ್ಕು ಸಲವಾದರೂ ಸರಿಯಾಗಿ ತೆಗೆದುಕೊಂಡಿದ್ದಾನೆ.

ವಿಲಿಯಮ್ಸ್ ಇದನ್ನು ವಿದ್ಯೆ ಅಂತಲೇ ಕಲಿತರು. ಹೊಡೆಯಲು ಒಳ್ಳೆಯ ಚೆಂಡು ಬರುವವರೆಗೆ ಕಾಯಬೇಕು ಅನ್ನುವ ಪಾಠ ಅವರಿಗೆ ಹುಡುಗನಾಗಿದ್ದಾಗ ಹಿಂದಿನ ತಲೆಮಾರಿನ ದೊಡ್ಡ ಬ್ಯಾಟರ್ ರಾಜರ್ಸ್ ಹಾರ್ನ್ಸ್‌ಬಿ ಅವರಿಂದ ಸಿಕ್ಕಿತ್ತು. ಮುಂದೆ ಅವರು ಸ್ಟ್ರೈಕ್ ಝೋನನ್ನು 77 ಚೆಂಡುಗಳಷ್ಟು ಜಾಗವಾಗಿ ಹಂಚಿ, ಒಂದೊಂದು ಜಾಗಕ್ಕೂ ತಾನು ಎಷ್ಟು ಆವರೇಜ್ ಹೊಡೆಯಬಲ್ಲೆ ಅಂತ ಬರೆದರು. ನಡುಮಧ್ಯದ ಚೆಂಡಿಗೆ 0.400. ಕೆಳಗೆ ಹೊರಮೂಲೆಯ ಚೆಂಡಿಗೆ 0.230. ಝೋನ್ ಒಳಗಿದ್ದರೂ ಎಲ್ಲ ಚೆಂಡೂ ಒಂದೇ ಅಲ್ಲ ಅನ್ನುವುದು ಅದರ ತಿರುಳು. ಮೂಲೆ ಚೆಂಡಿಗೆ ಆಸೆಪಟ್ಟು ಬೀಸಿದರೆ 0.400ರ ಬ್ಯಾಟರ್ ಕೂಡ 0.230 ಆಗುತ್ತಾನೆ. ರನ್ನರ್ ಇದ್ದಾಗಲೂ ವಾಕ್ ತಗೋತಾರೆ, ಸ್ವಲ್ಪ ಹೊರಗಿದ್ದರೂ ಹೊಡೀಬೇಕಿತ್ತು ಅಂತ ಬಾಸ್ಟನ್ ಪತ್ರಕರ್ತರು ಅವರನ್ನು ಟೀಕಿಸುತ್ತಲೇ ಇದ್ದರು. ಅವರು ಬದಲಾಗಲಿಲ್ಲ. 1941ರಲ್ಲಿ ಆವರೇಜ್ 0.406, ವಾಕ್ 147, ಸ್ಟ್ರೈಕ್‌ಔಟ್ ಬರೀ 27, ಓಬಿಪಿ 0.553. 1949ರಲ್ಲಿ ಸತತ 84 ಪಂದ್ಯಗಳಲ್ಲಿ ಬೇಸ್ ಸೇರಿದರು. ಇಡೀ ವೃತ್ತಿಯ ಓಬಿಪಿ 0.482. ಮೇಜರ್ ಲೀಗ್ ಇತಿಹಾಸದಲ್ಲಿ ಅದನ್ನು ದಾಟಿದವರು ಯಾರೂ ಇಲ್ಲ. ಎರಡನೆಯವರಾದ ಬೇಬ್ ರೂತ್ 0.474. ಎರಡು ಯುದ್ಧಗಳಲ್ಲಿ ಪೈಲಟ್ ಆಗಿ ಸೇವೆ ಮಾಡಿ ಹತ್ತಿರ ಹತ್ತಿರ ಐದು ಸೀಸನ್ ಕಳೆದುಕೊಂಡ ಮನುಷ್ಯನ ಅಂಕಿಗಳು ಇವು.

ದಾರಿ ಎಲ್ಲರದೂ ಒಂದೇ ಅಲ್ಲ. ರಿಕಿ ಹೆಂಡರ್ಸನ್ ತುಂಬಾ ಕುಗ್ಗಿ ನಿಲ್ಲುತ್ತಿದ್ದರು. ಝೋನ್ ಅಷ್ಟು ಚಿಕ್ಕದಾಗಿ ಕಂಡರೆ ಪಿಚರ್ ಎಸೆಯುವುದಾದರೂ ಎಲ್ಲಿಗೆ? 2,190 ವಾಕ್ ಪಡೆದರು. ಬೇಸ್ ಸೇರಿದ ಮೇಲೆ ಇನ್ನೊಂದು ತಲೆನೋವು ಶುರು: 1,406 ಸಲ ಬೇಸ್ ಕದ್ದರು, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸಿಗೆ ಓಡಿ ಸೇರಿದರು. ಅವರ ವಾಕ್ ಎಷ್ಟೋ ಸಲ ಎರಡು ಬೇಸಿನ ಹಿಟ್ ಆಗುತ್ತಿತ್ತು. ಮೇಜರ್ ಲೀಗಿನಲ್ಲಿ ಅತಿ ಹೆಚ್ಚು ರನ್ ಮಾಡಿದವರು ಅವರೇ, 2,295. ಇನ್ನು ರಾನ್ ಹಂಟ್ 1971ರಲ್ಲಿ 50 ಸಲ ಮೈಗೆ ಚೆಂಡು ಬಡಿಸಿಕೊಂಡು ಬೇಸ್ ಸೇರಿದರು. ಆ ದಾರಿ ಎಲ್ಲರಿಗೂ ಆಗುವಂಥದ್ದಲ್ಲ.

ಸಿನ್ಸಿನಾಟಿಯ ಜೋಯಿ ವಾಟೊ ನನಗೆ ಅಚ್ಚುಮೆಚ್ಚು. ಟೊರಾಂಟೊದ ಹುಡುಗ. ನ್ಯಾಷನಲ್ ಲೀಗಿನ ಓಬಿಪಿ ಪಟ್ಟಿಯಲ್ಲಿ ಏಳು ಸಲ ಮೊದಲಿಗ. ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟನ್ನು ಮೇಲೆ ಹಿಡಿದು, ಬೀಸು ಚಿಕ್ಕದು ಮಾಡಿಕೊಂಡು, ಕಷ್ಟದ ಚೆಂಡುಗಳನ್ನು ಫೌಲ್ ಮಾಡುತ್ತಾ (ಮೈದಾನದ ಗೆರೆಯಾಚೆ ತಳ್ಳುತ್ತಾ) ಇನ್ನೊಂದು ಚೆಂಡು ಎಸೆಯಲು ಪಿಚರ್‌ನನ್ನು ಒತ್ತಾಯಿಸುತ್ತಿದ್ದರು. 2017ರಲ್ಲಿ 134 ವಾಕ್, 83 ಸ್ಟ್ರೈಕ್‌ಔಟ್. ಅದರ ಜೊತೆ 36 ಹೋಂ ರನ್. ಅವರ ಮೇಲೂ ವಿಲಿಯಮ್ಸ್ ಕೇಳಿದ್ದೇ ದೂರು ಬರುತ್ತಿತ್ತು: ದೊಡ್ಡ ಸಂಬಳದವರು, ವಾಕ್ ಯಾಕೆ, ಹೊಡೀಬಾರದಾ?

ಈಗ ಈ ಕಲೆ ಯಾರ ಕೈಯಲ್ಲಿದೆ ಅಂದರೆ ಡೊಮಿನಿಕನ್ ರಿಪಬ್ಲಿಕ್‌ನ ಹ್ವಾನ್ ಸೋಟೊ. 19ನೇ ವಯಸ್ಸಿಗೇ ಮೇಜರ್ ಲೀಗಿಗೆ ಬಂದರು. ಹೊರಗಿನ ಚೆಂಡು ಬಿಟ್ಟ ಮೇಲೆ ಕಾಲು ಅಗಲಿಸಿ, ಮಣ್ಣು ಕೆದರಿ, ಪಿಚರ್ ಮುಖವನ್ನೇ ದಿಟ್ಟಿಸುತ್ತಾರೆ. ಅದಕ್ಕೆ 'ಸೋಟೊ ಶಫಲ್' ಅಂತಲೇ ಹೆಸರು. ಚೆಂಡು ಬಿಡುವುದನ್ನೂ ಒಂದು ಹೊಡೆತದ ಹಾಗೆ ಆಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. 2021ರಲ್ಲಿ 145 ವಾಕ್, 93 ಸ್ಟ್ರೈಕ್‌ಔಟ್, ಓಬಿಪಿ 0.465. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡಲು ಸಹಿ ಹಾಕಿತು. ಆ ಹಣದಲ್ಲಿ ಹೋಂ ರನ್ನಿನ ಪಾಲು ಇದ್ದೇ ಇದೆ. ಬೀಸದೆ ಬಿಟ್ಟ ಚೆಂಡುಗಳ ಪಾಲೂ ಇದೆ.

ಇಷ್ಟು ದಿನ ಈ ಕಣ್ಣಿಗೂ ಒಂದು ಅಡ್ಡಿ ಇತ್ತು. ಬ್ಯಾಟರ್ ಸರಿಯಾಗಿ ಬಿಟ್ಟರೂ ಅಂಪೈರ್ ಸ್ಟ್ರೈಕ್ ಅಂದರೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ಹೊಸ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು, 2026ರ ಸೀಸನ್‌ನಿಂದ ಅನ್ವಯ. ಕ್ಯಾಮೆರಾಗಳು ಚೆಂಡಿನ ದಾರಿ ಅಳೆಯುತ್ತವೆ. ಅಂಪೈರ್ ತೀರ್ಪು ತಪ್ಪು ಅನ್ನಿಸಿದರೆ ಬ್ಯಾಟರ್ ಹೆಲ್ಮೆಟ್ ಮುಟ್ಟಿ ಪ್ರಶ್ನಿಸಬಹುದು. ಪಿಚರ್, ಕ್ಯಾಚರ್‌ಗೂ ಆ ಹಕ್ಕಿದೆ. ತಂಡಕ್ಕೆ ಪಂದ್ಯದ ಶುರುವಿನಲ್ಲಿ ಎರಡೇ ಅವಕಾಶ. ಸರಿಯಾದರೆ ಉಳಿಯುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ಡಗೌಟ್‌ನಿಂದ ಯಾರೂ ಸನ್ನೆ ಮಾಡುವಂತಿಲ್ಲ. ಚೆಂಡು ಅಂಚಿನಿಂದ ಅರ್ಧ ಇಂಚು ಆಚೆ ಹೋಯಿತಾ ಇಲ್ಲವಾ ಅಂತ ಅಲ್ಲಿ ನಿಂತವನೇ, ಆಗಿಂದಾಗಲೇ ಹೇಳಬೇಕು.